ಬೀಗದ ಪೆಟ್ಟಿಗೆಯಿಂದ ಕಂಟ್ರೋಲ್ ರೂಮಿಗೆ: ನಂಜನಗೂಡು ಸೀಮೆಯ ಕರೆಂಟ್ ಲೆಕ್ಕದ ಕಥೆ

ಗೃಹಜ್ಯೋತಿ ಬಂದ ಮೇಲೆ ಕರೆಂಟ್ ಬಿಲ್ ಕೈಗೆ ಸಿಕ್ಕರೆ ನಾವೆಲ್ಲ ಮೊದಲು ನೋಡುವುದು ಯೂನಿಟ್ ಎಷ್ಟಾಯಿತು ಅಂತ. 2022-23ರಲ್ಲಿ ಮನೆಯ ಸರಾಸರಿ ಎಷ್ಟಿತ್ತು, ಅದರ ಮೇಲೆ ಸರ್ಕಾರ ಎಷ್ಟು ಬಿಟ್ಟಿದೆ, 200ರ ಗಡಿಗೆ ಇನ್ನೆಷ್ಟು ದೂರ ಇದ್ದೇವೆ ಎಂಬ ಲೆಕ್ಕ ಈಗ ಮನೆಮನೆಯ ಮಾತು. ಕರೆಂಟನ್ನು ಅಳೆದು ಬಳಸುವ ಪಾಠ ಹಳ್ಳಿಗೆ ಹೀಗೆ ಬಂತು.

ಇದೇ ಲೆಕ್ಕವನ್ನು ನಂಜನಗೂಡಿನ ದೊಡ್ಡ ಕಾರ್ಖಾನೆಗಳ ಮೀಟರ್ 15 ನಿಮಿಷಕ್ಕೊಮ್ಮೆ ಹಾಕುತ್ತದೆ. ಯಾವ ಮೋಟಾರ್ ಎಷ್ಟು ಎಳೆಯಿತು, ಯಾವ ಪೈಪಿನಲ್ಲಿ ಗಾಳಿ ಸೋರುತ್ತಿದೆ, ಯಾವ ಬಾಯ್ಲರ್ ಸುಮ್ಮನೆ ಉರಿಯುತ್ತಿದೆ ಎಂಬುದನ್ನು ಯಂತ್ರವೇ ನೋಡಿ ಯಂತ್ರವೇ ಹೇಳುವ ಕಾಲ ಇದು. ನಮ್ಮ ಊರುಗಳ ಹುಡುಗ ಹುಡುಗಿಯರು ಅಲ್ಲೇ ಶಿಫ್ಟ್ ಮಾಡುತ್ತಾರೆ. ಆದರೆ ಈ ಲೆಕ್ಕ ಎಲ್ಲಿಂದ ಶುರುವಾಯಿತು, ಯಾರ ಕೈಯಲ್ಲಿದೆ, ನಮಗೂ ಅದಕ್ಕೂ ಏನು ಸಂಬಂಧ ಎಂಬುದನ್ನು ಯಾರೂ ಕೂತು ಹೇಳಿಲ್ಲ. ಅದನ್ನು ಹೇಳಲು ಸ್ವಲ್ಪ ದೂರದಿಂದ ಬರಬೇಕು.

ಗಣಿಯ ಮೇಲಿನ ಬೀಗದ ಪೆಟ್ಟಿಗೆ

ಇಂಗ್ಲೆಂಡಿನ ಮೂಲೆಯಲ್ಲಿ ಕಾರ್ನ್‌ವಾಲ್ ಅಂತ ಒಂದು ಸೀಮೆ. ಅಲ್ಲಿ ತವರ, ತಾಮ್ರದ ಗಣಿಗಳಿದ್ದವು. ಗಣಿ ಆಳಕ್ಕೆ ಹೋದಷ್ಟೂ ನೀರು ತುಂಬುತ್ತದೆ, ಅದನ್ನು ಎತ್ತಿ ಹೊರಗೆ ಹಾಕಲು ಉಗಿ ಎಂಜಿನ್ ಬೇಕು. ಎಂಜಿನ್‌ಗೆ ಕಲ್ಲಿದ್ದಲು ಬೇಕು, ಆದರೆ ಕಾರ್ನ್‌ವಾಲ್‌ನಲ್ಲಿ ಕಲ್ಲಿದ್ದಲು ಇಲ್ಲ. ವೇಲ್ಸ್‌ನಿಂದ ಹಡಗಿನಲ್ಲಿ ತರಿಸಬೇಕಿತ್ತು, ಹಾಗಾಗಿ ಅದು ದುಬಾರಿ.

1770ರ ದಶಕದ ಕೊನೆಯಲ್ಲಿ ಜೇಮ್ಸ್ ವಾಟ್ ಮತ್ತು ಅವನ ಪಾಲುದಾರ ಮ್ಯಾಥ್ಯೂ ಬೋಲ್ಟನ್ ಅಲ್ಲಿಗೆ ಹೊಸ ಎಂಜಿನ್ ತಂದರು. ಅವರ ಕರಾರು ವಿಚಿತ್ರವಾಗಿತ್ತು. ಹಳೆಯ ಎಂಜಿನ್‌ಗೆ ಹೋಲಿಸಿದರೆ ಎಷ್ಟು ಕಲ್ಲಿದ್ದಲು ಉಳಿಯುತ್ತದೋ ಅದರ ಬೆಲೆಯಲ್ಲಿ ಮೂರನೇ ಒಂದು ಪಾಲು ತಮಗೆ ಕೊಡಬೇಕು ಅಂದರು. ಎಷ್ಟು ಉಳಿಯಿತು ಅಂತ ಗೊತ್ತಾಗುವುದು ಹೇಗೆ? ಎಂಜಿನ್ ಎಷ್ಟು ಸಲ ಮೇಲೆ ಕೆಳಗೆ ಆಡಿತು ಎಂದು ತಾನೇ ಎಣಿಸುವ ಒಂದು ಎಣಿಕೆ ಯಂತ್ರವನ್ನು ಅದರ ತೊಲೆಗೆ ಕಟ್ಟಿ, ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದರು.

ಇಂಧನ ಉಳಿತಾಯವನ್ನು ಯಂತ್ರದ ಕೈಯಲ್ಲೇ ಅಳೆಸಿದ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು. ಆದರೆ ಲೆಕ್ಕ ದುಡ್ಡು ವಸೂಲಿಗಷ್ಟೇ ಇತ್ತು. ಗಣಿಯವರಿಗೆ ಆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. 1800ರಲ್ಲಿ ವಾಟ್‌ನ ಪೇಟೆಂಟ್ ಮುಗಿದಾಗ ನಿಟ್ಟುಸಿರು ಬಿಟ್ಟರು.

ಆಮೇಲೆ 1811ರಲ್ಲಿ ಜೋಯಲ್ ಲೀನ್ ಎಂಬ ಗಣಿ ಮೇಸ್ತ್ರಿ ಬೇರೆ ದಾರಿ ಹಿಡಿದ. ಯಾವ ಗಣಿಯ ಎಂಜಿನ್ ಒಂದು ಅಳತೆ ಕಲ್ಲಿದ್ದಲಿಗೆ ಎಷ್ಟು ನೀರೆತ್ತಿತು ಎಂದು ಅಳೆದು, ತಿಂಗಳು ತಿಂಗಳು ಪ್ರಕಟಿಸತೊಡಗಿದ. ಯಾರು ಬೇಕಾದರೂ ನೋಡಬಹುದಿತ್ತು. ಪಕ್ಕದ ಗಣಿಯವನು ನಮಗಿಂತ ಕಡಿಮೆ ಕಲ್ಲಿದ್ದಲಿಗೆ ಹೆಚ್ಚು ನೀರು ಎತ್ತುತ್ತಿದ್ದಾನೆ ಅಂತ ಗೊತ್ತಾದರೆ ಸುಮ್ಮನಿರುವವರು ಯಾರು? ಎಂಜಿನ್ ಕೆಲಸಗಾರರು ಒಬ್ಬರಿಂದೊಬ್ಬರು ಕಲಿತರು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಎಂಜಿನ್‌ಗಳ ಸರಾಸರಿ ಸಾಧನೆ ಎರಡು ಪಟ್ಟನ್ನೂ ಮೀರಿತು.

ಅಳೆಯುವುದು ಎರಡೂ ಕಡೆ ಇತ್ತು. ಒಂದು ಕಡೆ ಲೆಕ್ಕ ಬೀಗದೊಳಗಿತ್ತು, ಇನ್ನೊಂದು ಕಡೆ ಬಯಲಲ್ಲಿತ್ತು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ಊರಿಗೇ ಬರುತ್ತದೆ.

ನಮ್ಮ ಹೊಳೆ, ಕೋಲಾರದ ಚಿನ್ನ

ಆ ವರದಿಗಳಲ್ಲಿ ಯಾರ ಗಣಿಗಳ ಲೆಕ್ಕ ಬರುತ್ತಿತ್ತೋ ಅವರಲ್ಲಿ ಜಾನ್ ಟೇಲರ್ ಎಂಬುವನೊಬ್ಬ. ಅವನ ಮನೆತನದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯೇ 1880ರಲ್ಲಿ ಕೋಲಾರದ ಚಿನ್ನದ ಗಣಿಗೆ ಬಂದದ್ದು. ಕಾರ್ನ್‌ವಾಲ್‌ನ ಗಣಿ ಕೆಲಸಗಾರರೂ ಜೊತೆಗೆ ಬಂದರು. ಇಲ್ಲಿಯೂ ಅದೇ ಸಮಸ್ಯೆ. ಗಣಿ ಆಳ, ಉಗಿ ಎಂಜಿನ್‌ಗೆ ಸೌದೆ ಮತ್ತು ಕಲ್ಲಿದ್ದಲು ದುಬಾರಿ.

ಪರಿಹಾರ ನಮ್ಮ ಹೊಳೆಯಲ್ಲಿ ಸಿಕ್ಕಿತು. ನಂಜನಗೂಡಿನ ಕಪಿಲೆ ತಿ.ನರಸೀಪುರದಲ್ಲಿ ಕಾವೇರಿಯನ್ನು ಕೂಡಿ, ತಲಕಾಡು ದಾಟಿ, ಶಿವನಸಮುದ್ರದಲ್ಲಿ ಧುಮುಕುತ್ತಾಳೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತದಲ್ಲಿ, ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯೆರ್ ರೂಪಿಸಿದ ಯೋಜನೆಯಂತೆ ಅಲ್ಲಿ ವಿದ್ಯುತ್ ಕೇಂದ್ರ ಕಟ್ಟಲಾಯಿತು. 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗೆ ಕರೆಂಟ್ ಹರಿಯಿತು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ಹೊಳೆಯ ದಡದ ಹಳ್ಳಿಗಳಿಗೆ ಬರಲು ದಶಕಗಳೇ ಬೇಕಾದವು. ನೀರು ನಮ್ಮ ಮುಂದೆಯೇ ಹರಿದು ಹೋಗುತ್ತಿತ್ತು, ಬೆಳಕು ಬೇರೆ ಕಡೆ ಉರಿಯುತ್ತಿತ್ತು.

ಇಲ್ಲೊಂದು ಸಂಗತಿ ಗಮನಿಸಬೇಕು. ಆ ಕರೆಂಟನ್ನು ಮಾರಿದ್ದು ಯೂನಿಟ್ ಲೆಕ್ಕದಲ್ಲಿ ಅಲ್ಲ, ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ. ಹಾಗೆ ಕೊಂಡವನಿಗೆ ಮೋಟಾರ್ ಸುಮ್ಮನೆ ತಿರುಗಿದರೂ ಒಂದೇ, ನಿಲ್ಲಿಸಿದರೂ ಒಂದೇ. ಉಳಿಸಿದರೆ ಅವನಿಗೆ ಲಾಭವಿಲ್ಲ. ಯೂನಿಟ್ ಮೀಟರ್ ಬಂದ ಮೇಲೆಯೇ ಉಳಿತಾಯಕ್ಕೆ ಬೆಲೆ ಬಂದದ್ದು.

ಬೇಸಿಗೆಯಲ್ಲಿ ಹೊಳೆ ಸಣ್ಣದಾದರೆ ಶಿವನಸಮುದ್ರದ ಯಂತ್ರವೂ ಸೊರಗುತ್ತಿತ್ತು. ವರ್ಷವಿಡೀ ನೀರು ಸಿಗಬೇಕೆಂಬುದು 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆಯ ಉದ್ದೇಶಗಳಲ್ಲಿ ಒಂದು. ಕರ್ನಾಟಕದ ಕರೆಂಟ್ ಆಮೇಲೂ ಬಹಳ ಕಾಲ ಮಳೆಯನ್ನೇ ನಂಬಿತ್ತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಶುರುವಾದದ್ದೇ 1985ರಲ್ಲಿ. ಅಲ್ಲಿಯವರೆಗೆ ಮಳೆ ಕೈಕೊಟ್ಟರೆ ಹೊಲವೂ ಒಣಗುತ್ತಿತ್ತು, ಕಾರ್ಖಾನೆಗೂ ಪವರ್ ಕಟ್ ಆಗುತ್ತಿತ್ತು.

ಬಿಸಿನೀರಿನಲ್ಲಿ ಬೆರಳು

ನಮ್ಮ ಭಾಗದ ಉದ್ಯಮ ಎಂದರೆ ನಂಜನಗೂಡು ಹಲ್ಲುಪುಡಿ ನೆನಪಾಗುತ್ತದೆ. ಅದನ್ನು ಮಾಡಿದ ಸದ್ವೈದ್ಯಶಾಲೆ ಶುರುವಾದದ್ದು 1913ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು, 1912ರಲ್ಲಿ, ಮೈಸೂರಿನಲ್ಲಿ ಮಹಾರಾಜರ ರೇಷ್ಮೆ ನೇಯ್ಗೆ ಕಾರ್ಖಾನೆ ಶುರುವಾಗಿತ್ತು. 1980ರಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮಕ್ಕೆ ಸೇರಿತು. ಆ ಮೈಸೂರು ಸಿಲ್ಕ್ ಸೀರೆಗೆ ನೂಲು ತೆಗೆಯುವ ಫಿಲೇಚರ್ ಇರುವುದು ತಿ.ನರಸೀಪುರದಲ್ಲಿ.

ರೇಷ್ಮೆ ನೂಲು ಬಿಚ್ಚುವುದೆಂದರೆ ಪೂರ್ತಿ ಬಿಸಿಯ ಕೆಲಸ. ಗೂಡಿನೊಳಗಿನ ಹುಳ ಸಾಯಿಸಿ ಗೂಡು ಒಣಗಿಸಲು ಬಿಸಿ ಬೇಕು. ಅಂಟು ಮೆತ್ತಗಾಗಲು ಗೂಡನ್ನು ಬೇಯಿಸಬೇಕು. ನೂಲು ಎಳೆಯುವಾಗಲೂ ತೊಟ್ಟಿಯ ನೀರು ಬೆಚ್ಚಗಿರಬೇಕು. ನೀರು ಹೆಚ್ಚು ಕಾದರೆ ಗೂಡು ಕರಗಿ ನೂಲು ಹಾಳು, ಕಡಿಮೆಯಾದರೆ ಎಳೆ ಬಿಚ್ಚುವುದೇ ಇಲ್ಲ. ಚರಕದ ಕಾಲದಿಂದ ಕಾಟೇಜ್ ಬೇಸಿನ್ ಕಾಲದವರೆಗೆ ಈ ಬಿಸಿಯನ್ನು ಅಳೆದದ್ದು ಕೆಲಸಗಾರರ ಬೆರಳು. ಬಹುಪಾಲು ಹೆಣ್ಣುಮಕ್ಕಳ ಬೆರಳು. ದಿನವಿಡೀ ಬಿಸಿನೀರಿನಲ್ಲಿ ಅದ್ದಿ ಅದ್ದಿ ಚರ್ಮ ಸುಲಿಯುತ್ತಿತ್ತು. ಸೌದೆ ಎಷ್ಟು ಉರಿಯಿತು ಅಂತ ಲೆಕ್ಕ ಇಡುವವರು ಯಾರೂ ಇರಲಿಲ್ಲ.

1950ರ ದಶಕದಲ್ಲಿ ಜಪಾನಿನವರು ಸ್ವಯಂಚಾಲಿತ ರೀಲಿಂಗ್ ಯಂತ್ರ ತಯಾರಿಸಿದರು. ಎಳೆ ತೆಳುವಾಯಿತು ಎಂದು ಅದರಲ್ಲಿರುವ ಒಂದು ಸಣ್ಣ ಭಾಗ ತಾನೇ ಕಂಡುಹಿಡಿದು, ಹೊಸ ಗೂಡನ್ನು ತಾನೇ ಜೋಡಿಸುತ್ತದೆ. ತಾನೇ ನೋಡುವುದು, ತಾನೇ ಸರಿಪಡಿಸುವುದು. ಇವತ್ತು ಕಾರ್ಖಾನೆಗಳಲ್ಲಿ ಆಟೊಮೇಷನ್ ಎಂದು ಕರೆಯುವುದರ ತಿರುಳು ಇಷ್ಟೇ.

1990ರ ದಶಕದಲ್ಲಿ ಟೆರಿ ಸಂಸ್ಥೆ ಸ್ವಿಟ್ಜರ್ಲೆಂಡ್ ಸರ್ಕಾರದ ನೆರವಿನಿಂದ ರೇಷ್ಮೆ ಬಿಚ್ಚಾಣಿಕೆಯ ಒಲೆಗಳನ್ನು ಸುಧಾರಿಸುವ ಕೆಲಸಕ್ಕೆ ಇಳಿಯಿತು. ಸೌದೆಯಿಂದ ಅನಿಲ ಮಾಡಿ ಉರಿಸುವ ಗ್ಯಾಸಿಫೈಯರ್ ಒಲೆ ಬಂದದ್ದು ಹಾಗೆ. ಅಂಥ ಕೆಲಸದಲ್ಲಿ ಮೊದಲ ಹೆಜ್ಜೆ ಹೊಸ ಒಲೆಯಲ್ಲ. ಹಳೆಯ ಒಲೆ ಎಷ್ಟು ಸೌದೆ ತಿನ್ನುತ್ತದೆ, ಅದರಲ್ಲಿ ನೀರಿಗೆ ತಲುಪುವ ಬಿಸಿ ಎಷ್ಟು ಎಂದು ಅಳೆಯುವುದು.

ತಾಂಡವಪುರ ಕಡೆಯ ಮೀಟರ್

ಮೈಸೂರಿನಿಂದ ನಂಜನಗೂಡಿಗೆ ಬಸ್ಸಿನಲ್ಲಿ ಬಂದರೆ ದಾರಿಯುದ್ದಕ್ಕೂ ಈ ಕಥೆಯ ಮುಂದಿನ ಅಧ್ಯಾಯ ಕಾಣುತ್ತದೆ. ಚಿಕ್ಕಯ್ಯನಛತ್ರದ ಕಾಗದದ ಕಾರ್ಖಾನೆ 1959ರಲ್ಲಿ ಶುರುವಾದ ಕಂಪನಿಯದು. ಆಮೇಲೆ ತಾಂಡವಪುರ, ತಾಂಡ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ನೆಸ್ಲೆಯ ಕಾಫಿ ಕಾರ್ಖಾನೆ, ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬೋರ್ಡ್ ಕಾರ್ಖಾನೆ, ಔಷಧ ಕಾರ್ಖಾನೆಗಳು ಬಂದವು. ಅಳಗಂಚಿಯಲ್ಲಿ ಬಣ್ಣಾರಿ ಅಮ್ಮನ್ ಸಕ್ಕರೆ ಕಾರ್ಖಾನೆ ಕಬ್ಬಿನ ಸಿಪ್ಪೆ ಉರಿಸಿ ಕರೆಂಟನ್ನೂ ಮಾಡುತ್ತದೆ. 2018ರಲ್ಲಿ ಏಷ್ಯನ್ ಪೇಂಟ್ಸ್ ಬಂತು.

ಇಂಥ ದೊಡ್ಡ ಗ್ರಾಹಕರ ಬಿಲ್ ನಮ್ಮ ಮನೆಯ ಬಿಲ್ಲಿನ ಹಾಗಿರುವುದಿಲ್ಲ. ಎಚ್‌ಟಿ ಸಂಪರ್ಕದಲ್ಲಿ ಮೀಟರ್ ನಾಲ್ಕು ವಿಷಯ ನೋಡುತ್ತದೆ. ಒಟ್ಟು ಎಷ್ಟು ಯೂನಿಟ್. ಯಾವುದೇ 15 ನಿಮಿಷದಲ್ಲಿ ಬೇಡಿಕೆ ಎಷ್ಟರ ಮಟ್ಟಕ್ಕೆ ಏರಿತು. ಪವರ್ ಫ್ಯಾಕ್ಟರ್ ಎಷ್ಟಿತ್ತು. ಯಾವ ಹೊತ್ತಿನಲ್ಲಿ ಬಳಸಿದರು. ಸಂಜೆಯ ಕರೆಂಟಿಗೆ ಹೆಚ್ಚು ದರ, ರಾತ್ರಿಯದಕ್ಕೆ ರಿಯಾಯಿತಿ. ಎಲ್ಲ ಮೋಟಾರುಗಳನ್ನೂ ಒಟ್ಟಿಗೆ ಆನ್ ಮಾಡಿ ಕಾಲು ಗಂಟೆ ಬೇಡಿಕೆ ಜಿಗಿದರೂ ಸಾಕು, ತಿಂಗಳ ಬಿಲ್ಲಿನಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ಗೇಟಿನ ಬಳಿ ಒಂದೇ ಮೀಟರ್ ಇದ್ದರೆ ಒಟ್ಟು ಎಷ್ಟು ಹೋಯಿತು ಅಂತ ಗೊತ್ತಾಗುತ್ತದೆ, ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಬಾಯ್ಲರ್, ಕಂಪ್ರೆಸರ್, ಎ.ಸಿ., ಪಂಪು ಹೀಗೆ ವಿಭಾಗಕ್ಕೊಂದು ಮೀಟರ್ ಇಡುತ್ತಾರೆ. ಎಲ್ಲವೂ ತಂತಿಯ ಮೂಲಕ ಒಂದು ಕಂಪ್ಯೂಟರಿಗೆ ವರದಿ ಕೊಡುತ್ತವೆ. ಯಾವುದಾದರೂ ದಿನನಿತ್ಯಕ್ಕಿಂತ ಹೆಚ್ಚು ಎಳೆದರೆ ಪರದೆಯ ಮೇಲೆ ಕೆಂಪು ಕಾಣುತ್ತದೆ, ಮೇಲ್ವಿಚಾರಕರ ಫೋನಿಗೆ ಮೆಸೇಜ್ ಹೋಗುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಕಾರ್ಖಾನೆಗಳಲ್ಲಿ ಯಂತ್ರ ನಡೆಸಲು ಒತ್ತಡದ ಗಾಳಿ ಬಳಸುತ್ತಾರೆ. ನಿಗಾ ಇಲ್ಲದ ಕಡೆ ಕಂಪ್ರೆಸರ್ ಮಾಡಿದ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿಕೆಯಲ್ಲೇ ಹೋಗಬಹುದು. ಹಗಲು ಯಂತ್ರಗಳ ಸದ್ದಿನಲ್ಲಿ ಆ ಸುಯ್ ಸದ್ದು ಕೇಳಿಸುವುದಿಲ್ಲ. ರಾತ್ರಿ ಕೆಲಸ ನಿಂತ 8 ಗಂಟೆಯಲ್ಲೂ ಸೋರಿಕೆಗೆಂದೇ ಕಂಪ್ರೆಸರ್ 5 ಕಿಲೋವ್ಯಾಟ್ ಎಳೆಯುತ್ತಿದೆ ಅಂತ ಇಟ್ಟುಕೊಳ್ಳಿ. ದಿನಕ್ಕೆ 40 ಯೂನಿಟ್, ತಿಂಗಳಿಗೆ 1,200 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯವರೆಗೂ ಬಳಸುವ 6 ಮನೆಗಳ ಕರೆಂಟ್ ಅದು. ರಾತ್ರಿಯ ರೀಡಿಂಗ್ ನೋಡಿದ ಕೂಡಲೇ ಈ ಸೋರಿಕೆ ಸಿಕ್ಕಿಬೀಳುತ್ತದೆ. ಸರಿಮಾಡಲು ಬೇಕಾದದ್ದು ಹಲವು ಸಲ ಒಂದು ವಾಷರ್, ಒಂದು ಕ್ಲ್ಯಾಂಪ್.

ಫ್ಯಾನಿನದು ಇನ್ನೊಂದು ಲೆಕ್ಕ. ಔಷಧ ಕಾರ್ಖಾನೆಯ ಕೋಣೆಗಳಲ್ಲಿ ಶುದ್ಧ ಗಾಳಿ ಸದಾ ಆಡುತ್ತಿರಬೇಕು, ದೊಡ್ಡ ದೊಡ್ಡ ಫ್ಯಾನುಗಳು ಇಡೀ ದಿನ ತಿರುಗುತ್ತವೆ. ಫ್ಯಾನಿನ ವೇಗವನ್ನು 100ರಿಂದ 80ಕ್ಕೆ ಇಳಿಸಿದರೆ ಕರೆಂಟ್ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಗಾಳಿ ಎಷ್ಟು ಬೇಕು ಎಂದು ಸೆನ್ಸರ್ ಹೇಳುತ್ತದೆ, ವಿಎಫ್‌ಡಿ ಎಂಬ ಸಾಧನ ವೇಗ ಇಳಿಸುತ್ತದೆ.

ಇದು ಬರೀ ಲೆಕ್ಕದ ಮಾತಲ್ಲ ಎನ್ನಲು ಪಕ್ಕದ ಮೈಸೂರಿನಲ್ಲೂ ಕ್ಯಾಂಪಸ್ ಇರುವ ಇನ್ಫೋಸಿಸ್ ನೋಡಬಹುದು. ತನ್ನ ಕಟ್ಟಡಗಳ ಬಳಕೆಯ ಮೇಲೆ ಹೀಗೆ ಕಣ್ಣಿಟ್ಟು, 2008ಕ್ಕೆ ಹೋಲಿಸಿದರೆ ಒಬ್ಬ ಉದ್ಯೋಗಿಗೆ ತಗಲುವ ಕರೆಂಟನ್ನು ಅರ್ಧಕ್ಕೂ ಕೆಳಗೆ ಇಳಿಸಿದ್ದೇವೆ ಎಂದು ಕಂಪನಿ ತನ್ನ ವರದಿಗಳಲ್ಲಿ ಹೇಳಿದೆ.

ಕಾನೂನು ಬಂದದ್ದು

ದೇಶದ ಮಟ್ಟದಲ್ಲಿ ಇದಕ್ಕೆ ಕಾನೂನಿನ ಬಲ ಬಂದದ್ದು 2001ರ ಇಂಧನ ಸಂರಕ್ಷಣಾ ಕಾಯ್ದೆಯಿಂದ. 2002ರ ಮಾರ್ಚ್‌ನಲ್ಲಿ ಇಂಧನ ದಕ್ಷತಾ ಬ್ಯೂರೋ ಶುರುವಾಯಿತು. ಫ್ರಿಜ್, ಎ.ಸಿ. ಮೇಲೆ ನೀವು ನೋಡುವ ನಕ್ಷತ್ರದ ಚೀಟಿ ಅವರದೇ. ಎನರ್ಜಿ ಆಡಿಟರ್, ಎನರ್ಜಿ ಮ್ಯಾನೇಜರ್ ಎಂಬ ಹೊಸ ಉದ್ಯೋಗಗಳಿಗೆ ಪರೀಕ್ಷೆಗಳೂ ಬಂದವು.

2012ರಲ್ಲಿ ಪ್ಯಾಟ್ ಎಂಬ ಯೋಜನೆ ಬಂತು. ಸಿಮೆಂಟ್, ಉಕ್ಕು, ಕಾಗದ, ಬಟ್ಟೆ ಸೇರಿ 8 ವಲಯಗಳ 478 ದೊಡ್ಡ ಘಟಕಗಳಿಗೆ ಮೂರು ವರ್ಷದ ಗುರಿ ಕೊಟ್ಟರು. ಗುರಿ ಮೀರಿ ಉಳಿಸಿದವರಿಗೆ ಮಾರಬಹುದಾದ ಪ್ರಮಾಣಪತ್ರ, ಮುಟ್ಟದವರು ಅದನ್ನು ಕೊಳ್ಳಬೇಕು. ಮೊದಲ ಸುತ್ತಿನಲ್ಲಿ ಉಳಿದದ್ದು 86.7 ಲಕ್ಷ ಟನ್ ತೈಲಕ್ಕೆ ಸಮನಾದ ಇಂಧನ. ಗುರಿ ಇದ್ದದ್ದು 66.86 ಲಕ್ಷ ಟನ್. ಅಳೆದರೆ ಉಳಿಯುತ್ತದೆ ಎಂಬ ಜೋಯಲ್ ಲೀನನ ಪಾಠ 200 ವರ್ಷದ ಮೇಲೆ ನಮ್ಮಲ್ಲೂ ನಿಜವಾಯಿತು.

ಆದರೆ ಈ ಬಲೆಗೆ ಬೀಳುವುದು ದೊಡ್ಡ ಮೀನು ಮಾತ್ರ. ಅಕ್ಕಿ ಗಿರಣಿ, ಇಟ್ಟಿಗೆ ಗೂಡು, ಹತ್ತು ಜನ ಕೆಲಸ ಮಾಡುವ ವರ್ಕ್‌ಶಾಪ್, ಸಣ್ಣ ರೀಲರ್ ಇವರೆಲ್ಲ ಹೊರಗೆ. ಹಲವು ಸಲ ರೀವೈಂಡಿಂಗ್ ಮಾಡಿಸಿದ ಹಳೆಯ ಮೋಟಾರ್ ಹೆಚ್ಚು ಕರೆಂಟ್ ತಿನ್ನುತ್ತಿರಬಹುದು ಎಂಬುದು ಮಾಲೀಕರಿಗೂ ಗೊತ್ತು. ಎಷ್ಟು ತಿನ್ನುತ್ತದೆ ಎಂಬುದು ಗೊತ್ತಿಲ್ಲದ ಕಾರಣ ಹೊಸದು ಕೊಳ್ಳಲು ಧೈರ್ಯ ಬರುವುದಿಲ್ಲ.

ಮೀಟರ್ ಇಲ್ಲದ ಕಡೆ

ಇನ್ನು ನಮ್ಮ ಹೊಲದ ವಿಷಯಕ್ಕೆ ಬರೋಣ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಆ ದುಡ್ಡನ್ನು ಸರ್ಕಾರ ಸಬ್ಸಿಡಿಯಾಗಿ ಸೆಸ್ಕ್‌ನಂಥ ಕಂಪನಿಗಳಿಗೆ ಕೊಡುತ್ತದೆ. ಬಹುಪಾಲು ಐಪಿ ಸೆಟ್‌ಗಳಿಗೆ ಮೀಟರ್ ಇಲ್ಲ, ಹಾಗಾಗಿ ಎಷ್ಟು ಬಳಕೆ ಎಂಬುದು ಅಂದಾಜು. ಫೀಡರ್ ಮತ್ತು ಟಿ.ಸಿ.ಗಳ ರೀಡಿಂಗ್ ಮೇಲೆ ಹಾಕುವ ಲೆಕ್ಕ. ಮೀಟರ್ ಹಾಕಿ ಎಂದು ವಿದ್ಯುತ್ ನಿಯಂತ್ರಣ ಆಯೋಗ ಹಲವು ಸಲ ಹೇಳಿದೆ. ರೈತರು ಒಪ್ಪಿಲ್ಲ. ಇವತ್ತು ಮೀಟರ್, ನಾಳೆ ಬಿಲ್ ಎಂಬ ಭಯ ಅವರದು.

ಆ ಭಯವನ್ನು ನಾವು ತಳ್ಳಿಹಾಕುವುದಿಲ್ಲ. ಕಾರ್ನ್‌ವಾಲ್‌ನ ಗಣಿಯವರಿಗೂ ಬೀಗದ ಪೆಟ್ಟಿಗೆಯ ಮೇಲೆ ಇದೇ ಅನುಮಾನ ಇತ್ತು. ಅಳೆಯುವವನು ವಸೂಲಿಗೆ ಬಂದವನಾದರೆ ಅಳತೆಯನ್ನು ಯಾರು ನಂಬುತ್ತಾರೆ? ಆದರೆ ಅಳತೆಯೇ ಇಲ್ಲದಿದ್ದರೂ ನಷ್ಟ ನಮ್ಮದೇ. ಲೈನಿನಲ್ಲಿ ಸೋರಿದ ಕರೆಂಟೂ ರೈತನ ಹೆಸರಿಗೆ ಬೀಳುತ್ತಿದೆಯೇ ಎಂಬ ಪ್ರಶ್ನೆ ಎದ್ದಾಗ, ಇಲ್ಲ ಎನ್ನಲು ರೈತನ ಕೈಯಲ್ಲಿ ಒಂದು ಅಂಕಿಯೂ ಇಲ್ಲ. 1902ರಲ್ಲಿ ಗಣಿ ಕಂಪನಿಗೆ ಅಶ್ವಶಕ್ತಿ ಲೆಕ್ಕದಲ್ಲಿ ಕರೆಂಟ್ ಹೋಯಿತು. ಇವತ್ತು ನಮ್ಮ ಬೋರ್‌ವೆಲ್ ಲೆಕ್ಕವೂ ಎಚ್‌ಪಿಯಲ್ಲೇ ನಿಂತಿದೆ. ನಡುವೆ ಕಾರ್ಖಾನೆಗಳು 15 ನಿಮಿಷದ ಲೆಕ್ಕಕ್ಕೆ ಹೋಗಿವೆ.

ಲೆಕ್ಕ ಯಾರು ನೋಡಬೇಕು

ಕಾರ್ಖಾನೆಯ ಕಂಟ್ರೋಲ್ ರೂಮಿನ ಅಂಕಿಗಳು ಯಾರಿಗೆ ಕಾಣುತ್ತವೆ ಎಂಬುದೇ ಉಳಿದ ಪ್ರಶ್ನೆ. ಇದಕ್ಕೆ ಎರಡು ಬಾಗಿಲು ಈಗಾಗಲೇ ಸ್ವಲ್ಪ ತೆರೆದಿವೆ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ಯಮಗಳಿಗೆ ಹೊಗೆ ಮತ್ತು ಕೊಳಚೆ ನೀರನ್ನು ಸದಾ ಅಳೆಯುವ ಯಂತ್ರ ಹಾಕಿ, ಮಂಡಳಿಗೆ ನೇರವಾಗಿ ಅಂಕಿ ಕಳಿಸಲು ಹೇಳಿತು. ಸಕ್ಕರೆ, ಕಾಗದ, ಔಷಧ ಇವೆಲ್ಲ ಆ ಪಟ್ಟಿಯಲ್ಲಿವೆ. ಕಪಿಲೆಯ ನೀರು ಕುಡಿಯುವ ನಮಗೆ ಇದು ಸಣ್ಣ ವಿಷಯವಲ್ಲ.

ಎರಡನೆಯದು ಷೇರು ಮಾರುಕಟ್ಟೆಯ ನಿಯಮ. 2022-23ರಿಂದ ದೇಶದ ಮೊದಲ 1,000 ಲಿಸ್ಟೆಡ್ ಕಂಪನಿಗಳು ಎಷ್ಟು ಇಂಧನ, ಎಷ್ಟು ನೀರು ಬಳಸಿದೆವು ಎಂದು ಪ್ರತಿ ವರ್ಷ ಬಹಿರಂಗವಾಗಿ ಹೇಳಲೇಬೇಕು. ಲೀನನ ವರದಿಯ ಇಂದಿನ ರೂಪ ಇದು. ಆದರೆ ಅಂಕಿ ಇಡೀ ಕಂಪನಿಯದು, ನಂಜನಗೂಡಿನ ಘಟಕ ಒಂದರದ್ದಲ್ಲ. ವರದಿ ಇರುವುದು ಇಂಗ್ಲಿಷಿನಲ್ಲಿ. ಭೂಮಿ ಕೊಟ್ಟ ಹಳ್ಳಿಯವರಿಗೆ ಅದು ಇದ್ದೂ ಇಲ್ಲದ ಹಾಗೆ.

ಹಾಗಾಗಿ ಕೇಳಬೇಕಾದ್ದನ್ನು ಕೇಳೋಣ. ಕಾರ್ಖಾನೆಯ ಸಿಎಸ್‌ಆರ್ ದುಡ್ಡಿನಲ್ಲಿ ಶಾಲೆಗೆ ಬಣ್ಣ ಹೊಡೆಸುವಾಗಲೇ, ಪಂಚಾಯ್ತಿ ನೋಟಿಸ್ ಬೋರ್ಡಿನಲ್ಲಿ ಆ ಘಟಕದ ವರ್ಷದ ಕರೆಂಟ್ ಮತ್ತು ನೀರಿನ ಲೆಕ್ಕವನ್ನು ಕನ್ನಡದಲ್ಲಿ ಹಾಕಿ ಎನ್ನೋಣ. ನಮ್ಮ ಐಟಿಐ, ಡಿಪ್ಲೊಮಾ ಮಕ್ಕಳಿಗೆ ಮೀಟರ್, ಸೆನ್ಸರ್, ವಿಎಫ್‌ಡಿ ಕೆಲಸ ಕಲಿಸಿ ಎನ್ನೋಣ. ಯಂತ್ರ ತಾನೇ ನೋಡಿಕೊಳ್ಳತೊಡಗಿದರೆ ಕೆಲವು ಕೈಗಳಿಗೆ ಕೆಲಸ ಕಡಿಮೆಯಾಗುತ್ತದೆ. ಆದರೆ ಆ ಯಂತ್ರವನ್ನು ನೋಡಿಕೊಳ್ಳುವ ಕೈ ಬೇಕೇ ಬೇಕು, ಅದು ಇದೇ ತಾಲ್ಲೂಕಿನದಾಗಲಿ.

ನಾವೂ ನಮ್ಮ ಕಡೆಯಿಂದ ಶುರುಮಾಡಬಹುದು. ಗಿರಣಿ, ವರ್ಕ್‌ಶಾಪ್, ಹಾಲಿನ ಡೇರಿ ನಡೆಸುವವರು ಒಂದು ತಿಂಗಳು ಬೆಳಿಗ್ಗೆ ಬಾಗಿಲು ತೆರೆಯುವಾಗ, ಸಂಜೆ ಮುಚ್ಚುವಾಗ ಮೀಟರ್ ರೀಡಿಂಗನ್ನು ಪುಸ್ತಕದಲ್ಲಿ ಬರೆದಿಡಿ. ಬಾಗಿಲು ಮುಚ್ಚಿದ ಮೇಲೆ ಎಷ್ಟು ಯೂನಿಟ್ ಓಡಿದೆ ಎಂದು ಲೆಕ್ಕ ಹಾಕಿ. ಇದಕ್ಕೆ ಸೆನ್ಸರ್ ಬೇಡ, ಪೆನ್ನು ಸಾಕು. ಸಿಕ್ಕಿದ ಅಂಕಿಯನ್ನು ಪಕ್ಕದ ಗಿರಣಿಯವರಿಗೂ ತೋರಿಸಿ.